ಯಲಹಂಕವು ಉಪನಗರವೆ?

ಈಚಿನ ವರ್ಷಗಳಲ್ಲಿ ಯಲಹಂಕದ ಪ್ರಸ್ತಾಪ ಬಂದಾಗಲೆಲ್ಲ ಅದಕ್ಕೊಂದು ವಿಶೇಷಣವನ್ನು ತಗುಲಿಸಿಯೇ ಹೇಳುವ ರೂಢಿಯು ಬಲಿತುಬಿಟ್ಟಿದೆ. ವೃತ್ತಪತ್ರಿಕೆಯವರು "ಬೆಂಗಳೂರಿನ ಉಪನಗರವಾದ ಯಲಹಂಕ"ವೆನ್ನುತ್ತಾರೆ. ನಿವೇಶನಗಳನ್ನು ಮಾರತಕ್ಕವರು "ವಿಮಾನನಿಲ್ದಾಣಕ್ಕೆ ಸಮೀಪದ ಯಲಹಂಕ"ವೆನ್ನುತ್ತಾರೆ. ಸರ್ಕಾರದ ಕಾಗದಪತ್ರಗಳಲ್ಲಿ "ಯಲಹಂಕ ವಲಯ"ವೆಂದು ಬರೆದು ಮುಗಿಸಿಬಿಡುತ್ತಾರೆ. ಊರೊಂದು ತನ್ನ ಹೆಸರಿನಿಂದಲೇ ತಾನು ನಿಲ್ಲಲಾರದೆ ಇನ್ನೊಂದರ ಸೆರಗನ್ನು ಹಿಡಿದುಕೊಂಡೇ ನಿಲ್ಲಬೇಕೆಂಬ ಈ ಭಾವನೆಯು ಎಲ್ಲಿಂದ ಬಂದಿತು, ಅದಕ್ಕೆ ಆಧಾರವೇನು, ಅದರಿಂದ ಆ ಊರಿನವರಿಗೆ ಒದಗಿದ ನಷ್ಟವೇನು ಎಂಬುದನ್ನು ವಿಚಾರಿಸುವುದು ಅವಶ್ಯಕವಾಗಿದೆ. ಬರಿಯ ಹೆಸರಿನ ಜಗಳವಿದು ಎಂದು ನಗುವವರು ತುಸು ತಾಳ್ಮೆಯಿಂದ ಮುಂದೆ ಓದಬೇಕು.

ಮೊದಲು ಶಬ್ದವನ್ನೇ ನೋಡೋಣವಾಗಲಿ. ಉಪವೆಂಬ ಉಪಸರ್ಗಕ್ಕೆ ಸಾಮೀಪ್ಯವು ಮುಖ್ಯಾರ್ಥವೆಂಬುದನ್ನು ಪಾಠಶಾಲೆಯ ಬಾಲಕರೂ ಬಲ್ಲರು. ವಟುವನ್ನು ಗುರುವಿನ ಬಳಿಗೆ ಒಯ್ಯುವುದು ಉಪನಯನ. ಬಳಿಯಲ್ಲಿ ಕುಳಿತು ತಿಳಿಯತಕ್ಕದ್ದು ಉಪನಿಷತ್ತು. ಇವುಗಳಲ್ಲಿ ಕೀಳೆಂಬ ಅರ್ಥದ ಸೋಂಕೂ ಇಲ್ಲ. ಪಾಣಿನಿಯು ಕರ್ಮಪ್ರವಚನೀಯಗಳನ್ನು ಹೇಳುವಲ್ಲಿ ಉಪಕ್ಕೆ ಹೀನವೆಂಬ ಅರ್ಥವನ್ನು ಕೊಟ್ಟ ಕೈಯಿಂದಲೇ ಅಧಿಕವೆಂಬ ಅರ್ಥವನ್ನೂ ಕೊಟ್ಟಿದ್ದಾನೆ. ಈಗಿನ ಆಡಳಿತಗಾರರು ಆ ಸೂತ್ರದ ಅರ್ಧವನ್ನು ಮಾತ್ರ ಕಲಿತಂತೆ ಕಾಣುತ್ತದೆ. ಅಮರಸಿಂಹನಾದರೋ ತನ್ನ ಕೋಶದ ಪುರವರ್ಗದಲ್ಲಿ ಮೂಲನಗರವೆಂದೂ ಶಾಖಾನಗರವೆಂದೂ ಎರಡು ಬಗೆಯನ್ನು ಹೇಳಿ, ಮೂಲನಗರದಿಂದ ಬೇರೆಯಾಗಿ ಬೆಳೆದದ್ದು ಶಾಖಾನಗರವೆಂದು ನಿರ್ಣಯಿಸಿದ್ದಾನೆ. ಈ ಲಕ್ಷಣವನ್ನು ಹಿಡಿದು ನೋಡಿದರೆ ಬೆಂಗಳೂರು, ಯಲಹಂಕ ಇವೆರಡರಲ್ಲಿ ಮೂಲವಾವುದು, ಶಾಖೆಯಾವುದು? ಇದಕ್ಕೆ ಉತ್ತರವನ್ನು ಕೋಶವು ಕೊಡಲಾರದು, ಚರಿತ್ರೆಯು ಕೊಡಬೇಕು.

ಯಲಹಂಕವು ನಿನ್ನೆ ಮೊನ್ನೆ ಹುಟ್ಟಿದ ಊರಲ್ಲ. ಗಂಗರ ಬಳಿಕ ಚೋಳರು ಈ ಸೀಮೆಯನ್ನು ಆಳುತ್ತಿದ್ದಾಗ ಇದು ಇಲೈಪ್ಪಾಕ್ಕನಾಡೆಂದು ಹೆಸರಾಗಿತ್ತು. ಒಂದು ನಾಡಿಗೆ ತನ್ನ ಹೆಸರನ್ನು ಕೊಡಬಲ್ಲ ಊರು ಸಾಮಾನ್ಯವಾದ ಹಳ್ಳಿಯಾಗಿರಲಾರದು. ತಮಿಳಿನ ಪಕಾರವು ಕನ್ನಡದಲ್ಲಿ ಹಕಾರವಾಗುವುದು ಪಾಲು ಹಾಲಾದಷ್ಟೇ ಸಹಜವಾದುದರಿಂದ, ಪಾಕ್ಕವು ಹಕ್ಕವಾಗಿ, ಹಕ್ಕವು ಮೂಗಿನಲ್ಲಿ ನುಡಿದು ಹಂಕವಾಗಿ, ಹೊಯ್ಸಳರ ಕಾಲಕ್ಕೆ ಎಲಹಕ್ಕವೆಂದು ಕೇಳಿಸುತ್ತಿದ್ದ ಹೆಸರು ಯಲಹಂಕವೆಂದು ನಿಂತದ್ದನ್ನು ಊಹಿಸುವುದು ಕಷ್ಟವಲ್ಲ. ರೈಸ್ ಸಾಹೇಬರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಅಚ್ಚುಹಾಕಿಸಿದರು. ಆ ಸಂಪುಟವನ್ನು ತೆರೆದು ನೋಡುವ ಶ್ರಮವನ್ನು ವಹಿಸಿದವರಾರೂ ಈ ನಾಡನ್ನು ಮತ್ತೊಂದರ ಅಂಚೆಂದು ಕರೆಯುವ ಧೈರ್ಯಮಾಡರು.

ವಿಜಯನಗರದ ಕಾಲದಲ್ಲಿ ಯಲಹಂಕದ ನಾಡಪ್ರಭುಗಳು ತಲೆಯೆತ್ತಿದರು. ಇವರ ಮೂಲಪುರುಷರು ದೇವನಹಳ್ಳಿಯ ಬಳಿಯ ಆವತಿಗೆ ಬಂದು ನೆಲೆಸಿದ ರಣಭೈರೇಗೌಡ ಮೊದಲಾದ ಸೋದರರೆಂದೂ, ಮನೆಯ ಹೆಣ್ಣಿನ ಮಾನವನ್ನು ಕಾಯಲು ಅವರು ಬಂಡಿಗಳನ್ನು ಹೂಡಿಕೊಂಡು ಹೊರಟು ಬಂದರೆಂದೂ ಪರಂಪರೆಯ ಕಥೆ. ಕಥೆಯ ಎಷ್ಟು ಭಾಗ ನಿಜವಾದರೂ ಆಗಲಿ, ಆ ಮನೆತನದ ಕವಲುಗಳು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳಲ್ಲಿ ಹರಡಿಕೊಂಡುದು ಚರಿತ್ರೆ. ಯಲಹಂಕದ ಕವಲಿಗೆ ಜಯಗೌಡನು ಮೊದಲಿಗನೆಂದು ಹೇಳುತ್ತಾರೆ. ಆ ವಂಶದ ಕೆಂಪನಂಜೇಗೌಡರ ಮಗನಾದ ಕೆಂಪೇಗೌಡರು 1537ರಲ್ಲಿ ತಮ್ಮ ಪೂರ್ವಜರ ಊರಿನಿಂದ ದಕ್ಷಿಣಕ್ಕೆ ಬಂದು, ಮಣ್ಣಿನ ಕೋಟೆಯನ್ನು ಕಟ್ಟಿಸಿ, ಪೇಟೆಗಳನ್ನು ಹರವಿ, ಕೆರೆಗಳನ್ನು ತೋಡಿಸಿದರು. ನಾಲ್ಕು ನೇಗಿಲುಗಳನ್ನು ನಾಲ್ಕು ದಿಕ್ಕಿಗೆ ಹೂಡಿದ ಕಥೆಯನ್ನು ಬೆಂಗಳೂರಿನ ಮಕ್ಕಳೆಲ್ಲ ಬಲ್ಲರು. ಆ ನೇಗಿಲುಗಳನ್ನು ಹೂಡಿಸಿದ ಪ್ರಭುವು ಯಾವ ಊರಿನಿಂದ ಬಂದವನೆಂಬ ಪ್ರಶ್ನೆಯನ್ನು ಮಾತ್ರ ಯಾರೂ ಮಕ್ಕಳಿಗೆ ಕೇಳುವುದಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. 1537ಕ್ಕೆ ಮುಂಚೆ ಬೆಂಗಳೂರೆಂಬ ಊರೇ ಇರಲಿಲ್ಲವೆ? ಇತ್ತು. ಬೇಗೂರಿನ ವೀರಗಲ್ಲು ಸುಮಾರು 890ರಷ್ಟು ಹಿಂದೆಯೇ ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ಮುದುಕಿಯೊಬ್ಬಳು ಬಲ್ಲಾಳರಾಯನಿಗೆ ಬೆಂದ ಕಾಳನ್ನು ಬಡಿಸಿದ್ದರಿಂದ ಹೆಸರು ಬಂದಿತೆಂಬ ಅಜ್ಜಿಕಥೆಯು ಆ ಒಂದು ಕಲ್ಲಿನ ಮುಂದೆಯೇ ಮುರಿದುಬೀಳುತ್ತದೆ. ಆದರೂ ಅದನ್ನು ಇನ್ನೂ ಹೇಳುತ್ತಲೇ ಇರುವವರಿಗೆ ಏನೆನ್ನಬೇಕೋ ತಿಳಿಯದು. ಹೆಸರು ಹಳೆಯದು, ನಗರವು ಹೊಸದು ಎಂಬುದೇ ಇಲ್ಲಿ ಗ್ರಹಿಸತಕ್ಕ ಅಂಶ. ಆ ಹೆಸರಿನ ವಿಷಯದಲ್ಲಿಯೂ ಒಂದು ಸ್ವಾರಸ್ಯವುಂಟು. ಕೊಡಿಗೇಹಳ್ಳಿಯ ಬಳಿಯಲ್ಲಿ ಹಳೇಬೆಂಗಳೂರೆಂಬ ಸಣ್ಣ ಊರೊಂದಿತ್ತೆಂದೂ, ಕೆಂಪೇಗೌಡರು ತಮ್ಮ ಮನೆಯ ಹೆಂಗಸರ ತೌರಾದ ಆ ಊರಿನ ಹೆಸರನ್ನೇ ಹೊಸ ಪಟ್ಟಣಕ್ಕೆ ಇಟ್ಟರೆಂದೂ ಬಹುಕಾಲದ ಪ್ರತೀತಿ. ಕೊಡಿಗೇಹಳ್ಳಿಯಿರುವುದು ಯಲಹಂಕಕ್ಕೂ ಹೆಬ್ಬಾಳಕ್ಕೂ ನಡುವೆ. ಪ್ರತೀತಿಯನ್ನು ಒಪ್ಪುವುದಾದರೆ ಸ್ಥಾಪಕನೂ ಯಲಹಂಕದವನು, ಹೆಸರೂ ಯಲಹಂಕದ ಮಗ್ಗುಲಿನದು. ಒಪ್ಪದಿದ್ದರೂ ಸ್ಥಾಪಕನು ಯಲಹಂಕದವನಾಗಿಯೇ ಉಳಿಯುತ್ತಾನೆ. ಹೀಗಿರಲಾಗಿ ಅಮರನ ಮಾತಿಗೆ ಲಕ್ಷ್ಯವಾಗತಕ್ಕ ಶಾಖಾನಗರವು ಯಾವುದೆಂಬುದನ್ನು ವಾಚಕರೇ ಹೇಳಲಿ.

1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ಬೆಂಗಳೂರನ್ನು ಹಿಡಿದಾಗ ನಾಡಪ್ರಭುಗಳು ಮಾಗಡಿಗೆ ಸರಿದರು. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ಸಾವನದುರ್ಗವನ್ನೂ ಗೆದ್ದ ಮೇಲೆ ಆ ಪ್ರಭುತ್ವವೇ ಮುಗಿಯಿತು. ಯಲಹಂಕವು ಅಲ್ಲಿಂದ ಮುಂದೆ ಒಂದು ಹೋಬಳಿಯ ಕಸಬೆಯಾಗಿ, ರಾಗಿಯ ಹೊಲಗಳ ನಡುವೆ, ತನ್ನ ಕೆರೆಯ ದಡದಲ್ಲಿ ತಣ್ಣಗೆ ಕುಳಿತಿತು. ಪದಚ್ಯುತನಾದ ಅರಸನು ಅರಸನಲ್ಲವೆಂಬುದು ನಿಜ. ಅವನು ಅಲ್ಲಿಗೇ ಆಳೂ ಆಗುವುದಿಲ್ಲ.

ಆ ಊರಿನ ಸ್ವಭಾವವನ್ನು ಸ್ವಲ್ಪ ಹೇಳದೆ ಮುಂದುವರಿಯುವುದು ಸರಿಯಲ್ಲ. ಬಳ್ಳಾರಿಯ ಹೆದ್ದಾರಿಯೂ ದೊಡ್ಡಬಳ್ಳಾಪುರದ ರಸ್ತೆಯೂ ಇಲ್ಲಿ ಕವಲೊಡೆಯುತ್ತವೆ. ರೈಲಿನ ದಾರಿಗಳೂ ಹಾಗೆಯೇ. ದಾರಿಗಳು ಕೂಡುವ ಊರಿನ ಜನಕ್ಕೆ ಒಂದು ಬಗೆಯ ಸೈರಣೆಯಿರುತ್ತದೆ. ಹಳೆಯ ಬೀದಿಗಳಲ್ಲಿ ಕನ್ನಡದ ಜೊತೆಗೆ ತೆಲುಗು ಸಲೀಸಾಗಿ ಕೇಳಿಸುತ್ತದೆ. ಒಂದೇ ವಾಕ್ಯದಲ್ಲಿ ಎರಡೂ ಬಂದರೆ ಯಾರೂ ಬೆರಗಾಗುವುದಿಲ್ಲ. ಗಂಗಾಗೌರೀವಿಲಾಸವೆಂಬ ತೆಲುಗು ಯಕ್ಷಗಾನವನ್ನು ಕೆಂಪೇಗೌಡರ ಹೆಸರಿಗೆ ಹೇಳುವರಷ್ಟೆ. ಭಾಷೆಯ ಹೆಸರಿನಲ್ಲಿ ಬೀದಿಗಿಳಿಯುವವರು ನಾಡಪ್ರಭುವಿನ ಚಿತ್ರವನ್ನು ಹೊತ್ತು ನಡೆಯುವಾಗ ಈ ಸಂಗತಿಯನ್ನೂ ನೆನೆದರೆ ಒಳ್ಳೆಯದು. ಕೋಟೆಯೆಂದರೆ ಇಂದು ಹೆಸರಲ್ಲಿ ಮಾತ್ರ ಕೋಟೆ. ವೇಣುಗೋಪಾಲಸ್ವಾಮಿಯ ಗುಡಿಯ ಸುತ್ತ ಇಕ್ಕಟ್ಟಾದ ಬೀದಿಗಳು ಉಳಿದುವು. ಕಲ್ಲುಕಂಬದ ಜಗಲಿಗಳು ಒಂದೊಂದಾಗಿ ಮಾಯವಾಗಿ ಅಂಗಡಿಮಳಿಗೆಗಳಾದುವು. ಇದರಲ್ಲಿ ಸರ್ಕಾರದ ತಪ್ಪಿಗಿಂತ ಊರಿನವರ ತಪ್ಪೇ ಹೆಚ್ಚೆಂದು ಒಪ್ಪಿಕೊಳ್ಳಬೇಕು.

ಇನ್ನು ಉಪನಗರವೆಂಬ ಹೆಸರಿನ ಹುಟ್ಟನ್ನು ನೋಡಬೇಕು. ವಾದದ ಮರ್ಮವಿರುವುದು ಅಲ್ಲಿ. ಸ್ವಾತಂತ್ರ್ಯಾನಂತರ ಇಲ್ಲಿ ವಾಯುಪಡೆಯ ನೆಲೆ ಬೇರೂರಿತು. 1996ರಿಂದ ಅಲ್ಲಿ ವೈಮಾನಿಕ ಪ್ರದರ್ಶನವು ನಡೆಯುತ್ತ ಬಂದಿದೆ. 1984ರಲ್ಲಿ ರೈಲುಗಾಲಿಗಳ ಕಾರ್ಖಾನೆಯು ಕೆಲಸಕ್ಕೆ ತೊಡಗಿತು. ಹಳೆಯ ಕಬ್ಬಿಣವನ್ನು ಕರಗಿಸಿ ದೇಶದ ರೈಲುಗಳಿಗೆ ಗಾಲಿಯನ್ನು ಎರಕಮಾಡಿ ಕಳುಹುವ ಊರಿಗೆ ಯಾರಾದರೂ ಬಾಲಂಗೋಚಿಯೆನ್ನಬಹುದೆ? ಅದೇ ದಶಕದಲ್ಲಿ ಕರ್ನಾಟಕ ಗೃಹಮಂಡಲಿಯವರು ಹಳೆಯ ಊರಿನ ಪಶ್ಚಿಮಕ್ಕೆ ಸಾಲುಮನೆಗಳನ್ನು ಕಟ್ಟಿಸಿ, ಎ ಸೆಕ್ಟರು ಬಿ ಸೆಕ್ಟರುಗಳೆಂದು ವಿಭಾಗಿಸಿ, ಅದಕ್ಕೆ ಯಲಹಂಕ ಉಪನಗರವೆಂದು ಹೆಸರಿಟ್ಟರು. ಅಗಲವಾದ ರಸ್ತೆಗಳು, ನೆರಳಿನ ಮರಗಳು, ಸಂಜೆ ತಿರುಗಾಡಲು ಉದ್ಯಾನಗಳು. ಒಟ್ಟಿನಲ್ಲಿ ಚೊಕ್ಕವಾದ ಕೆಲಸ. ಹೆಸರೂ ಸರಿಯಾದುದೇ. "ಯಲಹಂಕ ಉಪನಗರ"ವೆಂಬುದು ಷಷ್ಠೀತತ್ಪುರುಷ: ಯಲಹಂಕದ ಉಪನಗರ. ಅಂದರೆ ಮೂಲವು ಯಲಹಂಕ, ಅದರ ಬಳಿಯಲ್ಲಿ ಬೆಳೆದದ್ದು ಈ ಹೊಸ ಬಡಾವಣೆ. ಕೆಲವೇ ವರ್ಷಗಳಲ್ಲಿ ಜನರು ಅದನ್ನು ಕರ್ಮಧಾರಯವೆಂದು ಭಾವಿಸಿ, ಯಲಹಂಕವೆಂಬ ಉಪನಗರವೆಂದು ವಿಗ್ರಹವಾಕ್ಯ ಮಾಡತೊಡಗಿದರು. ಸಮಾಸವನ್ನು ತಪ್ಪಾಗಿ ಬಿಡಿಸಿದ್ದರಿಂದ ತರಗತಿಯಲ್ಲಿ ಒಂದು ಅಂಕ ಹೋಗುತ್ತದೆ. ಇಲ್ಲಿ ಒಂದು ಊರೇ ಹೋಯಿತು.

ಊರು ಹೋಯಿತೆನ್ನುವುದು ಉತ್ಪ್ರೇಕ್ಷೆಯಲ್ಲ. 2007ರ ಜನವರಿಯವರೆಗೆ ಯಲಹಂಕಕ್ಕೆ ತನ್ನದೇ ಆದ ನಗರಸಭೆಯಿತ್ತು. 2001ರ ಜನಗಣತಿಯ ಪ್ರಕಾರ ಅಲ್ಲಿಯ ಜನಸಂಖ್ಯೆ 93,263. ಆ ವರ್ಷ ಸರ್ಕಾರವು ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ಕೃಷ್ಣರಾಜಪುರ, ಮಹದೇವಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿನಗರಗಳೆಂಬ ಏಳು ನಗರಸಭೆಗಳನ್ನೂ, ಕೆಂಗೇರಿಯ ಪುರಸಭೆಯನ್ನೂ, ನೂರಕ್ಕೆ ಮೇಲ್ಪಟ್ಟ ಹಳ್ಳಿಗಳನ್ನೂ ಬೆಂಗಳೂರಿನೊಳಕ್ಕೆ ಎಳೆದುಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಕಟ್ಟಿತು. ಕೆರೆಯು ಹಳ್ಳಗಳನ್ನು ಕೂಡಿಸಿಕೊಂಡಂತೆ ಇದೆಂದು ಆಗ ಹೊಗಳಿದವರಿದ್ದರು. ಪಾಲಿಕೆಯ 198 ವಾರ್ಡುಗಳನ್ನು ಎಣಿಸಿದಾಗ ಯಲಹಂಕದ ಭಾಗವೊಂದಕ್ಕೆ ಕೆಂಪೇಗೌಡ ವಾರ್ಡೆಂದು ಹೆಸರಿಟ್ಟು ಒಂದನೆಯ ಸಂಖ್ಯೆಯನ್ನು ಕೊಟ್ಟರು. ಸಂಖ್ಯೆಯಲ್ಲಿ ಅಗ್ರಪೂಜೆ ನಡೆಯಿತು, ಅಧಿಕಾರವು ಹೋಯಿತು.

ಒಗ್ಗೂಡಿಸಿದ್ದರ ಪರವಾಗಿ ಹೇಳುವವರ ಮಾತನ್ನೂ ಕೇಳಬೇಕು. ಕಾವೇರಿಯ ನೀರು, ಒಳಚರಂಡಿ, ಅಗಲವಾದ ರಸ್ತೆ ಇವೆಲ್ಲ ಸಣ್ಣ ನಗರಸಭೆಗೆ ನಿಲುಕುವ ಕಾರ್ಯಗಳಲ್ಲ. ದೊಡ್ಡ ಸಂಸ್ಥೆಯೇ ಬೇಕು ಎನ್ನುತ್ತಾರೆ. ಮೇಲ್ನೋಟಕ್ಕೆ ಇದು ಯುಕ್ತವಾಗಿ ತೋರುತ್ತದೆ. ಆದರೆ ಈ ಏಳು ನಗರಸಭೆಗಳಿಗೂ ಒಂದು ಪುರಸಭೆಗೂ ಕಾವೇರಿಯನ್ನು ತರುವ ಯೋಜನೆಯು ರೂಪುಗೊಂಡುದು ಅವು ಬೇರೆಬೇರೆಯಾಗಿದ್ದಾಗಲೇ. ನೀರನ್ನು ತರುವ ಮಂಡಲಿಯು ಆಗಲೂ ಪ್ರತ್ಯೇಕ, ಈಗಲೂ ಪ್ರತ್ಯೇಕ. ಹಾಗಿರುವಾಗ ನೀರಿನ ನೆಪದಲ್ಲಿ ನಗರಸಭೆಯನ್ನು ಮುಚ್ಚುವ ಆವಶ್ಯಕತೆಯೇನಿತ್ತು? ಬಾವಿಗೆ ಹಗ್ಗವನ್ನು ಸಾಲ ಕೊಟ್ಟವನು ಬಾವಿಯನ್ನೇ ಬರೆಸಿಕೊಂಡಂತಾಯಿತು. ಸಣ್ಣ ನಗರಸಭೆಗಳಲ್ಲಿ ಒಳಜಗಳವೂ ಸೋರಿಕೆಯೂ ಇದ್ದುವೆನ್ನುವರು. ಇದ್ದಿರಬಹುದು. ದೊಡ್ಡದರಲ್ಲಿ ಅವು ಇಲ್ಲವೆಂದು ಪ್ರಮಾಣಮಾಡಿ ಹೇಳುವವರು ಯಾರಾದರೂ ಇದ್ದರೆ ಮುಂದೆ ಬರಲಿ.

ಮುಂದೆ ನಡೆದುದು ಇದಕ್ಕಿಂತ ವಿಚಿತ್ರ. 2010ರಲ್ಲಿಯೂ 2015ರಲ್ಲಿಯೂ ಆ ಪಾಲಿಕೆಗೆ ಚುನಾವಣೆ ನಡೆಯಿತು. 2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿಯಿತು. ಆ ಬಳಿಕ ಚುನಾವಣೆಯೇ ಇಲ್ಲದೆ, ಅಧಿಕಾರಿಗಳ ಕೈಯಲ್ಲಿಯೇ ಐದು ವರ್ಷಗಳು ಉರುಳಿ, 2025ರಲ್ಲಿ ಆ ಪಾಲಿಕೆಯೇ ಇಲ್ಲವಾಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳು ಹುಟ್ಟಿದುವು. ಯಲಹಂಕವು ಉತ್ತರದ ಪಾಲಿಕೆಗೆ ಸೇರಿತು. ನಗರಾಡಳಿತಗಳಿಗೆ ಐದು ವರ್ಷಕ್ಕೊಮ್ಮೆ, ಅವಧಿಯು ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಕಟ್ಟುಮಾಡಿದೆ. ದೇಶದ ಮೂಲಶಾಸನಕ್ಕೇ ಈ ಗತಿಯಾದರೆ ಕಲ್ಲಿನ ಶಾಸನಗಳಿಗೆ ಬೆಲೆ ಎಲ್ಲಿಂದ ಬರಬೇಕು? ಬೃಹತ್ತಾದದ್ದು ಆಳಲು ಅಸಾಧ್ಯವಾಯಿತೆಂದೇ ಅದನ್ನು ಐದಾಗಿ ಒಡೆದರು. ಎಂದ ಮೇಲೆ 2007ರಲ್ಲಿ ಕೂಡಿಸಿದ್ದು ತಪ್ಪೆಂದು ಕೂಡಿಸಿದ ಸರ್ಕಾರವೇ ಬರೆದುಕೊಟ್ಟಂತಾಗಲಿಲ್ಲವೆ? ಆದರೂ ಒಡೆಯುವಾಗ ಯಲಹಂಕಕ್ಕೆ ಯಲಹಂಕವನ್ನು ಹಿಂದಿರುಗಿಸಲಿಲ್ಲ.

ಕೆಂಪೇಗೌಡರು ತಮ್ಮದೇ ನಾಣ್ಯವನ್ನು ಟಂಕಿಸಿದರೆಂದೂ, ಅದನ್ನು ಸಹಿಸದ ವಿಜಯನಗರದ ಅರಸನು ಅವರನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟನೆಂದೂ ಹೇಳುವರು. ಸೆರೆಯಿಂದ ಬಿಟ್ಟ ಮೇಲೆ ಅವರ ನಾಡನ್ನು ಅವರಿಗೆ ಮರಳಿ ಕೊಟ್ಟನು. ನಾಣ್ಯವನ್ನು ಟಂಕಿಸುವ ಆಸೆ ಇಂದಿನ ಯಲಹಂಕದವರಿಗಿಲ್ಲ. ತಾವು ತೆತ್ತ ಮನೆಗಂದಾಯದಲ್ಲಿ ತಮ್ಮ ಬೀದಿಯ ದೀಪಕ್ಕೆಷ್ಟು, ತಮ್ಮ ಕೆರೆಯ ಕಟ್ಟೆಗೆಷ್ಟು ಎಂದು ಕೇಳಿದರೆ, ಉತ್ತರ ಕೊಡಬಲ್ಲವನೊಬ್ಬನು ನಡೆದುಹೋಗುವಷ್ಟು ದೂರದಲ್ಲಿರಬೇಕೆಂಬುದಷ್ಟೇ ಅವರ ಅಪೇಕ್ಷೆ. ಸೆರೆಮನೆಯಿಲ್ಲದೆಯೂ ಸೆರೆಯಾಗಬಹುದೆಂಬುದಕ್ಕೆ ಬೇರೆ ದೃಷ್ಟಾಂತ ಬೇಡ.

ಇನ್ನು ಗೌರವದ ಮಾತು. 2022ರ ನವೆಂಬರ್ 11ರಂದು ದೇವನಹಳ್ಳಿಯ ವಿಮಾನನಿಲ್ದಾಣದ ಬಳಿ 108 ಅಡಿ ಎತ್ತರದ ಕೆಂಪೇಗೌಡರ ವಿಗ್ರಹವು ಅನಾವರಣಗೊಂಡಿತು. ರಾಮ ಸುತಾರರ ಕೈಯ ಕೆಲಸ. ಕಂಚು ಉಕ್ಕುಗಳು ಕೂಡಿ ಇನ್ನೂರು ಟನ್ನಿಗೂ ಮೇಲ್ಪಟ್ಟ ತೂಕ, ಕೈಯ ಕತ್ತಿಯೇ ನಾಲ್ಕು ಟನ್ನು. ಶಿಲ್ಪದ ದೃಷ್ಟಿಯಿಂದ ಅದರಲ್ಲಿ ಕುಂದು ಹೇಳಬೇಕಾದುದೇನೂ ಇಲ್ಲ. ಆದರೆ ಆ ಮಹನೀಯರ ಸಮಾಧಿಯು ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿದೆಯೆಂಬುದು ಹೊರಗಿನವರಿಗೆ ತಿಳಿದದ್ದು 2015ರಲ್ಲಿ ಮಾತ್ರ! ಅದುವರೆಗೆ ಅವರ ಹೆಸರಿನ ರಸ್ತೆಗಳಿಗೂ ವೃತ್ತಗಳಿಗೂ ಕೊರತೆಯಿರಲಿಲ್ಲ; 2013ರಲ್ಲಿ ವಿಮಾನನಿಲ್ದಾಣಕ್ಕೇ ಅವರ ಹೆಸರನ್ನಿಟ್ಟಾಗಿತ್ತು. ಹೆಬ್ಬಾಳದಲ್ಲಿ ಸುಮಾರು 750ರ, ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಇತ್ತು. ಪೆರ್ಬೊಳಲ್ ನಾಡನ್ನು ಹೆಸರಿಸುವ ಆ ಕಲ್ಲು ಹೂತು ಹೋಗಿ, ಈಚಿನ ವರ್ಷಗಳಲ್ಲಿ ಚರಂಡಿಯ ಕೆಲಸ ನಡೆಯುತ್ತಿದ್ದ ಕಡೆ ಕಣ್ಣಿಗೆ ಬಿದ್ದಿತು. ಅದನ್ನು ಉಳಿಸಿದವರು ಊರಿನ ಉತ್ಸಾಹಿಗಳೇ ಹೊರತು ದೊಡ್ಡ ಕಚೇರಿಗಳವರಲ್ಲ. ಚರಂಡಿಯ ಗುದ್ದಲಿಯು ಒಂದು ಮೊಳ ಆಚೆ ಬಿದ್ದಿದ್ದರೆ ಬೆಂಗಳೂರು ಸೀಮೆಯ ಅತಿ ಪ್ರಾಚೀನವಾದ ಕನ್ನಡ ಬರಹಗಳಲ್ಲೊಂದು ಸಿಮೆಂಟಿನ ಅಡಿಯಲ್ಲಿರುತ್ತಿತ್ತು. ಆಕಾಶಕ್ಕೆ ಎತ್ತಿ ನಿಲ್ಲಿಸುವುದರಲ್ಲಿರುವ ಉತ್ಸಾಹವು ನೆಲದಲ್ಲಿರುವುದನ್ನು ನೋಡುವುದರಲ್ಲಿಲ್ಲ.

ನೆಲದ ಮಾತಿಗೆ ಬಂದರೆ ಕೆರೆಯ ಮಾತು ಬರಲೇಬೇಕು. ಯಲಹಂಕದ ಕೆರೆಯು ತುಂಬಿದರೆ ಅದರ ನೀರು ಜಕ್ಕೂರಿನ ಕೆರೆಗೆ, ಅಲ್ಲಿಂದ ರಾಚೇನಹಳ್ಳಿಗೆ, ಕಡೆಗೆ ದಕ್ಷಿಣಪಿನಾಕಿನಿಯ ಕಡೆಗೆ ಹರಿಯತಕ್ಕದ್ದು. ಹಿಂದಿನವರು ಒಂದು ಕೆರೆಯ ಕೋಡಿಯನ್ನು ಇನ್ನೊಂದರ ಬಾಯಿಗೆ ಹೊಂದಿಸಿ ಸರಪಣಿಯಂತೆ ಕಟ್ಟಿದ್ದರು. ನಡುವಣ ಕಾಲುವೆಯೇ ಈ ಸರಪಣಿಯ ಕೊಂಡಿ. ಕೊಂಡಿಯ ಜಾಗದಲ್ಲಿ ಮನೆಗಳೆದ್ದುವು. 2021ರ ನವೆಂಬರಿನಲ್ಲಿ ಸುರಿದ ಮಳೆಗೆ ಕೆರೆಯು ತುಂಬಿ ಹರಿದು ಕೆಳಗಿನ ಒಂದು ವಸತಿಸಮುಚ್ಚಯವು ಜಲಾವೃತವಾಯಿತು. ಮೂರು ವರ್ಷ ಕಳೆದು 2024ರ ಅಕ್ಟೋಬರಿನಲ್ಲಿ ಅದೇ ಜಾಗದಲ್ಲಿ ಅದೇ ದೃಶ್ಯ, ಅವೇ ದೋಣಿಗಳು. ಮುದುಕರನ್ನೂ ಮಕ್ಕಳನ್ನೂ ದೋಣಿಯಲ್ಲಿ ಕೂರಿಸಿ ಆಚೆಗೆ ತರಬೇಕಾಯಿತು. ಒಮ್ಮೆ ಆದದ್ದು ದೈವಕೃತವೆನ್ನಬಹುದು. ಎರಡನೆಯ ಬಾರಿ ಆದದ್ದಕ್ಕೆ ದೈವವನ್ನು ಎಳೆತರುವುದು ನಾಸ್ತಿಕರಿಗೂ ಒಪ್ಪದ ಮಾತು. ನೀರು ಯಾವ ಕಡೆಗೆ ಹರಿಯುವುದೆಂಬುದು ಹಳೆಯ ಊರಿನ ಯಾವ ನೀರಗಂಟಿಗಾದರೂ ಗೊತ್ತಿದ್ದ ವಿಷಯ. ಹದಿನೈದು ಕಿಲೋಮೀಟರಿನಾಚೆಯ ಮಹಡಿಯಲ್ಲಿ ಕುಳಿತವರಿಗೆ ಅದನ್ನು ಕೇಳಿ ತಿಳಿಯುವ ಅಗತ್ಯವೂ ತೋರಲಿಲ್ಲ.

ಇದಕ್ಕೆ ಪ್ರತಿಯಾದ ಒಂದು ಉದಾಹರಣೆಯನ್ನು ಮರೆಯಬಾರದು. ಉಪನಗರದ ಅಂಚಿನಲ್ಲಿರುವ ಪುಟ್ಟೇನಹಳ್ಳಿಯ ಕೆರೆ ಬಹಳ ಚಿಕ್ಕದು. ಬಕ, ಕೊಕ್ಕರೆ, ನೀರುಕಾಗೆ ಮೊದಲಾದ ಹಕ್ಕಿಗಳು ಅಲ್ಲಿಗೆ ಬಂದು ಗೂಡುಕಟ್ಟುವುದನ್ನು ಮೊದಲು ಗಮನಿಸಿದವರು ನೆರೆಯ ಮನೆಗಳವರು. ಅವರು ವರ್ಷಗಟ್ಟಲೆ ಅರ್ಜಿಗಳನ್ನು ಹಾಕಿ, ಎಣಿಕೆಗಳನ್ನು ಬರೆದಿಟ್ಟು, ಕೊಳಚೆಯು ಸೇರದಂತೆ ಹೋರಾಡಿದುದರ ಫಲವಾಗಿ 2015ರಲ್ಲಿ ಸರ್ಕಾರವು ಆ ಕೆರೆಯನ್ನು ಪಕ್ಷಿಗಳ ಸಂರಕ್ಷಣಾ ಮೀಸಲೆಂದು ಘೋಷಿಸಿತು. ಹೊಸ ಬಡಾವಣೆಯವರಿಗೆ ಊರಿನ ಮೇಲೆ ಅಭಿಮಾನವಿಲ್ಲವೆಂದು ಹಳೆಯ ಬೀದಿಯವರು ಮೂಗುಮುರಿಯುವುದುಂಟು; ಅವರು ಒಮ್ಮೆ ಆ ದಡಕ್ಕೆ ಹೋಗಿ ಬರಲಿ. ಹಾಗೆಯೇ ಕೋಟೆಯ ಬೀದಿಗಳತ್ತ ಒಂದು ದಿನವೂ ಕಾಲಿಡದ ಹೊಸಬರು ಇತ್ತ ಬಂದು ನೋಡಲಿ. ಎರಡು ಕಡೆಯವರೂ ಕೂಡಿ ಕೇಳಿದ ಹೊರತು ಕೇಳಿದ್ದು ಸಿಕ್ಕುವುದಿಲ್ಲ.

ಕೇಳತಕ್ಕದ್ದು ಬಹಳವೇನಲ್ಲ. ಹೊಸ ಪಾಲಿಕೆಯೊಳಗೇ ಆಗಲಿ, ಯಲಹಂಕದ ವಾರ್ಡುಗಳೆಲ್ಲ ಒಂದಾಗಿ ಕುಳಿತು ತಮ್ಮ ಕೆರೆ, ರಸ್ತೆ, ಗುಡಿಬೀದಿಗಳ ಲೆಕ್ಕವನ್ನು ನೋಡುವ, ಚುನಾಯಿತವಾದ ಒಂದು ಸಮಿತಿ. ಯಲಹಂಕ ನಾಡಿನ ಕಲ್ಲುಗಳನ್ನೂ ಓಲೆಗಳನ್ನೂ ಇಡತಕ್ಕ ಒಂದು ಮನೆ, ಅದು ಹೆಂಚಿನದಾದರೂ ಚಿಂತೆಯಿಲ್ಲ. ಕೆರೆಯಿಂದ ಕೆರೆಗೆ ಕಾಲುವೆಯ ಅಳತೆಯನ್ನು ಮಾಡಿಸಿ, ಆ ನಕ್ಷೆಯನ್ನು ಯಾರು ಬೇಕಾದರೂ ನೋಡುವಂತೆ ಊರಿನಲ್ಲಿಯೇ ತೂಗುಹಾಕುವುದು. ವಿಗ್ರಹದ ಕತ್ತಿಯ ತೂಕದ ಕಂಚಿಗೆ ತಗಲುವ ಹಣವಿದ್ದರೆ ಈ ಮೂರರಲ್ಲಿ ಎರಡಾದರೂ ಮುಗಿದಾವು.

ಹೆಸರಿನ ವಿಷಯದಲ್ಲಿ ಈವರೆಗೆ ನ್ಯಾಯವನ್ನು ಕಾಪಾಡಿದವರು ರೈಲ್ವೆಯವರು ಮಾತ್ರ. ಬೆಂಗಳೂರಿನಿಂದ ಬಂದ ದಾರಿಯು ಅಲ್ಲಿ ಕವಲಾಗಿ ಒಂದು ಹಿಂದೂಪುರದ ಕಡೆಗೂ, ಮತ್ತೊಂದು ದೇವನಹಳ್ಳಿ, ಆವತಿಹಳ್ಳಿಗಳನ್ನು ಹಾಯ್ದು ಚಿಕ್ಕಬಳ್ಳಾಪುರದ ಕಡೆಗೂ ಹೋಗುತ್ತದೆ. ಆ ಎರಡನೆಯ ಗಾಡಿಯಲ್ಲಿ ಕುಳಿತವನು ನಾಡಪ್ರಭುಗಳು ಬಂದ ದಾರಿಯನ್ನೇ ಹಿಂದುಹಿಂದಕ್ಕೆ ಪಯಣಿಸುತ್ತಾನೆ. ನಿಲ್ದಾಣದ ಹಳದಿಯ ಹಲಗೆಯ ಮೇಲೆ ಉಪವೂ ಇಲ್ಲ, ವಲಯವೂ ಇಲ್ಲ. ಯಲಹಂಕ ಜಂಕ್ಷನ್ ಎಂದಿದೆ.